ಮಾಡಿನ ಮೇಲಿನ ಚಂಡೆ: ಅಲಂಕಾರ, ಪ್ರಾಸ, ಧ್ವನಿ, ಮಾತ್ರೆ ಅಂದರೆ ಏನು?

ಜುಲೈ ತಿಂಗಳ ಒಂದು ಸಂಜೆ. ಶಿರಸಿಯಲ್ಲಿ ಕರೆಂಟು ಹೋಗಿ ಎರಡು ತಾಸಾಗಿತ್ತು. ತಂಗಿಯ ಮನೆ ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದೆ. ಒಳಗೆ ಚಾರ್ಜರ್ ಲೈಟಿನ ಬೆಳಕಿನಲ್ಲಿ ತಂಗಿಯ ಮಗಳು ಓದುತ್ತಿದ್ದಳು. ಓದು ಅಂದರೆ ಬಾಯಿಪಾಠ. ‘ಉಪಮೇಯ ಉಪಮಾನಗಳಲ್ಲಿ ಭೇದವಿಲ್ಲ ಎಂದು ಹೇಳುವುದು ರೂಪಕಾಲಂಕಾರ’ ಎಂಬ ಒಂದೇ ಸಾಲನ್ನು ಹತ್ತು ಸಲ ಹೇಳಿ, ಹನ್ನೊಂದನೇ ಸಲಕ್ಕೆ ತಪ್ಪಿದಳು.

‘ಮಾವ, ಉಪಮೇಯ ಯಾವ್ದು, ಉಪಮಾನ ಯಾವ್ದು? ನಂಗೆ ಪ್ರತಿ ಸಲ ಅದಲು ಬದಲು ಆಗ್ತದೆ.’

ನಾನು ಉತ್ತರ ಹುಡುಕುವಷ್ಟರಲ್ಲಿ ಅಡಿಗೆಮನೆಯಿಂದ ತಂಗಿಯ ದನಿ ಬಂತು. ‘ಏ, ಮೇಲಿನವರ ಚಂಡೆ ಮತ್ತೆ ಶುರುವಾಯ್ತು. ಹೊರಗಿನ ಬಟ್ಟೆ ಒಳಗೆ ತಾರೇ.’

ಚಂಡೆ ಅಂದರೆ ಯಕ್ಷಗಾನದಲ್ಲಿ ಬಾರಿಸುವ ವಾದ್ಯ. ತಂಗಿ ಅಂದದ್ದು ಹಂಚಿನ ಮಾಡಿನ ಮೇಲೆ ಬೀಳುವ ಮಳೆಗೆ. ಪುಸ್ತಕದಲ್ಲಿರುವ ಎಲ್ಲಕ್ಕಿಂತ ಕಷ್ಟದ ಅಲಂಕಾರವೊಂದನ್ನು ತಂಗಿ ಸೌಟು ಹಿಡಿದುಕೊಂಡೇ ಹೇಳಿ ಮುಗಿಸಿದ್ದಳು. ಅದು ಅವಳಿಗೂ ಗೊತ್ತಾಗಲಿಲ್ಲ, ಬಟ್ಟೆ ತರಲು ಓಡಿದ ಮಗಳಿಗೂ ಗೊತ್ತಾಗಲಿಲ್ಲ.

ಹತ್ತನೇ ತರಗತಿಯ ಪ್ರಥಮ ಭಾಷೆ ಕನ್ನಡದಲ್ಲಿ ‘ಅಲಂಕಾರ ಹೆಸರಿಸಿ’, ‘ಪ್ರಸ್ತಾರ ಹಾಕಿ ಗಣ ವಿಭಾಗಿಸಿ’ ಎಂಬ ಪ್ರಶ್ನೆಗಳಿರುತ್ತವೆ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ, ನಾವು ಎಂದೋ ಮರೆತ ಈ ಪದಗಳು ಒಂದು ಸಂಜೆ ತಟ್ಟನೆ ಎದುರು ಬಂದು ನಿಲ್ಲುತ್ತವೆ. ಅಂಥ ಅಪ್ಪ, ಅಮ್ಮ, ಮಾವಂದಿರಿಗಾಗಿ ಇದು.

ಅಲಂಕಾರ: ಹೆಸರಿನಲ್ಲೇ ಒಂದು ತೊಡಕು

ಅಲಂಕಾರ ಅಂದರೆ ಶೃಂಗಾರ, ಒಡವೆ. ಈ ಅರ್ಥ ತಲೆಯಲ್ಲಿ ಕೂತರೆ ದಾರಿ ತಪ್ಪುತ್ತದೆ. ಮೊದಲು ಸಾದಾ ಮಾತು ಇರುತ್ತದೆ, ಆಮೇಲೆ ಕವಿ ಅದಕ್ಕೆ ಸರ ಬಳೆ ತೊಡಿಸುತ್ತಾನೆ ಅನ್ನಿಸುತ್ತದೆ. ಹಾಗೇನಿಲ್ಲ. ತಂಗಿಯ ಮಾತಿನಿಂದ ಚಂಡೆ ತೆಗೆದರೆ ‘ಜೋರು ಮಳೆ ಬಂತು’ ಎಂದಷ್ಟೇ ಉಳಿಯುತ್ತದೆ. ಹಂಚಿನ ಮೇಲಿನ ಆ ಸದ್ದು, ಎದ್ದು ಓಡಬೇಕೆಂಬ ಆ ಗಡಿಬಿಡಿ ಎರಡೂ ಹೋಗುತ್ತವೆ.

ಕನ್ನಡಕ್ಕೂ ಈ ವಿಷಯಕ್ಕೂ ಹಳೆಯ ನಂಟು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಕವಿರಾಜಮಾರ್ಗ. ಅದು 9ನೇ ಶತಮಾನದ್ದು, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದ್ದು. ಅದು ಕತೆಯಲ್ಲ, ಪುರಾಣವಲ್ಲ. ಕಾವ್ಯದ ದೋಷ ಯಾವುದು, ಶಬ್ದಾಲಂಕಾರ ಯಾವುದು, ಅರ್ಥಾಲಂಕಾರ ಯಾವುದು ಎಂದು ಮೂರು ಭಾಗಗಳಲ್ಲಿ ಹೇಳುವ ಪುಸ್ತಕ. ಅಂದರೆ ನಮ್ಮ ಕೈಗೆ ಸಿಕ್ಕ ಮೊದಲ ಪುಸ್ತಕವೇ ಒಂದು ರೀತಿಯ ಗೈಡು!

ಅಲ್ಲಿ ಬರುವ ಎರಡು ಜಾತಿ ಇವತ್ತಿಗೂ ಹಾಗೇ ಇವೆ. ಕಿವಿಗೆ ಸೇರಿದ್ದು ಶಬ್ದಾಲಂಕಾರ. ಮನಸ್ಸಿಗೆ ಸೇರಿದ್ದು ಅರ್ಥಾಲಂಕಾರ. ಯಾವುದು ಯಾವುದೆಂದು ಗೊತ್ತಾಗದಿದ್ದರೆ ಒಂದು ಹಳೆಯ ಪರೀಕ್ಷೆ ಇದೆ. ಪದ ತೆಗೆದು ಅದೇ ಅರ್ಥದ ಬೇರೆ ಪದ ಹಾಕಿ ನೋಡುವುದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ತಗೊಳ್ಳಿ. ಇದನ್ನು ‘ಕೈ ರಾಡಿಯಾದರೆ ಬಾಯಿ ಮೊಸರು’ ಮಾಡಿ. ದುಡಿದರೆ ಊಟ ಎಂಬ ಅರ್ಥಕ್ಕೆ ಏನೂ ಆಗಲಿಲ್ಲ. ಆದರೆ ಕೆಸರು–ಮೊಸರು ಜೋಡಿಯ ಸೊಗಸು ಸತ್ತೇಹೋಯಿತು. ಪದ ಬದಲಾದರೆ ಸತ್ತುಹೋಗುವುದು ಶಬ್ದಾಲಂಕಾರ. ಬದಲಾದರೂ ಉಳಿಯುವುದು ಅರ್ಥಾಲಂಕಾರ.

ಒಂದೇ ಮಳೆ, ನಾಲ್ಕು ಅಲಂಕಾರ

ಈಗ ಉಪಮೇಯ, ಉಪಮಾನ. ನಾವು ಯಾವುದರ ಬಗ್ಗೆ ಮಾತಾಡುತ್ತಿದ್ದೇವೋ ಅದು ಉಪಮೇಯ. ಹೋಲಿಕೆಗೆಂದು ಹೊರಗಿನಿಂದ ಕರೆತಂದದ್ದು ಉಪಮಾನ. ತಂಗಿಯ ಮಗಳಿಗೆ ನಾನು ಹೇಳಿದ್ದು ಇಷ್ಟು: ಉಪಮೇಯ ಮನೆಯವರು, ಉಪಮಾನ ನೆಂಟರು. ಮಳೆಯ ಬಗ್ಗೆ ಮಾತಾಡುವಾಗ ಮಳೆ ಮನೆಯವರು, ಚಂಡೆ ನೆಂಟರು. ನಾಳೆ ಯಕ್ಷಗಾನಕ್ಕೆ ಹೋಗಿ ‘ಚಂಡೆ ಶಿರಸಿ ಮಳೆಯ ಹಾಗೆ ಬಿತ್ತು’ ಅಂದರೆ ಆಗ ಚಂಡೆ ಮನೆಯವರು, ಮಳೆ ನೆಂಟರು. ಅದಲು ಬದಲು ಆಗುವುದು ಅವಳ ತಪ್ಪಲ್ಲ. ಮಾತು ಯಾರ ಮನೆಯದ್ದು ಎಂದು ನೋಡಿದರೆ ಸಾಕು.

ಈ ಮನೆಯವರಿಗೂ ನೆಂಟರಿಗೂ ಎಷ್ಟು ಸಲುಗೆ ಅನ್ನುವುದರ ಮೇಲೆ ಅಲಂಕಾರದ ಹೆಸರು ಬದಲಾಗುತ್ತದೆ.

‘ಹಂಚಿನ ಮೇಲೆ ಮಳೆ ಚಂಡೆಯ ಹಾಗೆ ಸದ್ದು ಮಾಡುತ್ತಿದೆ.’ ಇದು ಉಪಮೆ. ನೆಂಟರು ಜಗಲಿಯಲ್ಲಿ ಕೂತಿದ್ದಾರೆ. ಮನೆಯವರು ಇವರು, ನೆಂಟರು ಅವರು ಎಂದು ಬೇರೆ ಬೇರೆ ಕಾಣುತ್ತದೆ. ಇಲ್ಲಿ ನಾಲ್ಕು ಅಂಗ ಇವೆ. ಮಳೆ ಉಪಮೇಯ. ಚಂಡೆ ಉಪಮಾನ. ‘ಹಾಗೆ’ ಉಪಮಾವಾಚಕ, ಅಂದರೆ ಇಬ್ಬರ ಪರಿಚಯ ಮಾಡಿಸುವ ಪದ. ಅಂತೆ, ತೆರದಿ, ಹಳಗನ್ನಡದ ವೊಲ್ ಎಲ್ಲ ಇದೇ ಕೆಲಸ ಮಾಡುತ್ತವೆ. ಇಬ್ಬರಲ್ಲೂ ಇರುವ ಒಂದೇ ಗುಣ, ಇಲ್ಲಿ ‘ಸದ್ದು ಮಾಡುವುದು’, ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ. ಒಂದೆರಡು ಬಿಟ್ಟುಹೋದರೆ ಲುಪ್ತೋಪಮೆ. ‘ಚಂಡೆಯಂಥ ಮಳೆ’ ಅಂದರೆ ಯಾವ ಗುಣದಲ್ಲಿ ಹೋಲಿಕೆ ಅನ್ನುವುದನ್ನು ಹೇಳಲಿಲ್ಲ, ಕೇಳುವವರಿಗೆ ಬಿಟ್ಟೆವು.

‘ಮಾಡಿನ ಮೇಲೆ ಯಾರೋ ಕೂತು ಚಂಡೆ ಬಾರಿಸುತ್ತಿದ್ದಾರೋ ಎನ್ನುವಂತೆ ಮಳೆ ಸುರಿಯಿತು.’ ಇದು ಉತ್ಪ್ರೇಕ್ಷೆ. ಇಲ್ಲೂ ‘ಅಂತೆ’ ಇದೆ, ಮಕ್ಕಳು ಎಡವುವುದು ಇಲ್ಲೇ. ‘ಅಂತೆ ಕಂಡರೆ ಉಪಮೆ’ ಎಂಬ ಸುಲಭ ಸೂತ್ರ ಇಲ್ಲಿ ಕೈಕೊಡುತ್ತದೆ. ಮೊದಲನೇ ಸಾಲಿನ ಚಂಡೆ ನಿಜವಾಗಿ ಇರುವ ವಸ್ತು. ಎರಡನೇ ಸಾಲಿನಲ್ಲಿ ಮಾಡಿನ ಮೇಲೆ ಕೂತವನು ಇಲ್ಲವೇ ಇಲ್ಲ, ಅವನನ್ನು ನಾವು ಕಲ್ಪಿಸಿಕೊಂಡೆವು. ಬಾಗಿಲ ಸದ್ದಾಯಿತು, ನೆಂಟರೇ ಬಂದರೇನೋ ಎಂದು ಸುಮ್ನೆ ಊಹಿಸಿದ ಹಾಗೆ.

ಉತ್ಪ್ರೇಕ್ಷೆ ಅಂದಕೂಡಲೇ ‘ಇದ್ದದ್ದಕ್ಕಿಂತ ಜಾಸ್ತಿ ಮಾಡಿ ಹೇಳುವುದು’ ಎಂಬ ದಿನಬಳಕೆಯ ಅರ್ಥ ನೆನಪಾಗುತ್ತದೆ. ಅಲಂಕಾರಶಾಸ್ತ್ರದಲ್ಲಿ ಆ ಅರ್ಥವಿಲ್ಲ. ಅಲ್ಲಿ ಉತ್ಪ್ರೇಕ್ಷೆ ಅಂದರೆ ಒಂದನ್ನು ಇನ್ನೊಂದೆಂದು ಊಹಿಸುವುದು, ಅಷ್ಟೇ. ಈ ಒಂದು ಗೊಂದಲದಿಂದ ಎಷ್ಟು ಮಕ್ಕಳು ಮಾರ್ಕು ಕಳಕೊಂಡರೋ.

‘ಮಳೆಯ ಚಂಡೆ ರಾತ್ರಿಯಿಡೀ ನಿಲ್ಲಲಿಲ್ಲ.’ ಇದು ರೂಪಕ. ‘ಹಾಗೆ’ ಹೋಯಿತು. ಮಳೆಯೇ ಚಂಡೆ. ನೆಂಟರು ಮನೆಯವರೇ ಆಗಿಬಿಟ್ಟರು, ಒಂದೇ ಎಲೆಯಲ್ಲಿ ಊಟ. ತಂಗಿಯ ಮಗಳು ಬಾಯಿಪಾಠ ಮಾಡುತ್ತಿದ್ದ ‘ಭೇದವಿಲ್ಲ’ ಅನ್ನುವುದು ಇದನ್ನೇ.

ನಾಲ್ಕನೆಯದು ತಂಗಿಯದು. ‘ಮೇಲಿನವರ ಚಂಡೆ ಮತ್ತೆ ಶುರುವಾಯ್ತು.’ ಈ ಮಾತಿನಲ್ಲಿ ಮಳೆ ಎಂಬ ಪದವೇ ಇಲ್ಲ! ಮನೆಯವರು ಎಲ್ಲೋ ಒಳಗೆ ಹೋಗಿದ್ದಾರೆ, ಬಾಗಿಲಿಗೆ ಬಂದು ಮಾತಾಡುತ್ತಿರುವವರು ನೆಂಟರೇ. ಉಪಮಾನವು ಉಪಮೇಯವನ್ನು ನುಂಗಿಬಿಟ್ಟಿದೆ. ಇದಕ್ಕೆ ರೂಪಕಾತಿಶಯೋಕ್ತಿ ಎಂದು ಹೆಸರು.

ಹೀಗೆ ಇಬ್ಬರಲ್ಲಿ ಒಬ್ಬರ ಹೆಸರನ್ನೇ ಬಿಡುವುದರ ಒಂದು ದೊಡ್ಡ ಉದಾಹರಣೆ ನಮ್ಮ ತಾಲೂಕಿನದೇ. 10ನೇ ಶತಮಾನದ ಪಂಪ ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ನೆನೆದ ಸಾಲು ಎಲ್ಲರಿಗೂ ಗೊತ್ತು: ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’. ಯಾರು ಅಂಕುಶ ಹಾಕಿ ತಿವಿದರೂ ನನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ. ಅಂಕುಶ ಇರುವುದು ಯಾವುದಕ್ಕೆ? ಆನೆಗೆ. ಸಾಲಿನಲ್ಲಿ ಆನೆ ಎಂಬ ಪದ ಹುಡುಕಿ ನೋಡಿ, ಸಿಗುವುದಿಲ್ಲ. ಇಲ್ಲಿ ಮನಸ್ಸಿನ ಹೆಸರಿದೆ, ಆನೆಯ ಹೆಸರಿಲ್ಲ. ತಂಗಿಯ ಮಾತಿಗಿಂತ ತಿರುವುಮುರುವು. ನೆಂಟರು ಕಾಣುವುದಿಲ್ಲ, ಅವರ ಕೊಡೆ ಮಾತ್ರ ಜಗಲಿಯಲ್ಲಿದೆ. ಒಂದೇ ಒಂದು ಅಂಕುಶದಿಂದ ಮನಸ್ಸು ಮದವೇರಿದ ಆನೆಯಾಗಿ ಬನವಾಸಿಯ ಕಡೆ ಸೊಂಡಿಲು ತಿರುಗಿಸಿ ನಿಲ್ಲುತ್ತದೆ.

ಅರ್ಥಾಲಂಕಾರದಲ್ಲಿ ಇನ್ನೆರಡು ಪಠ್ಯದಲ್ಲಿ ಬರುತ್ತವೆ, ಬೇಗ ಹೇಳುತ್ತೇನೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಎರಡು ಬೇರೆ ವಾಕ್ಯ, ‘ಹಾಗೆ’ ಇಲ್ಲ, ಆದರೂ ಒಂದು ಇನ್ನೊಂದರ ಕನ್ನಡಿ. ಇದು ದೃಷ್ಟಾಂತ. ‘ಮಳೆಯಲ್ಲಿ ನೆನೆದುಕೊಂಡು ಕೊಳೆರೋಗದ ಔಷಧ ಹೊಡೆಸಿದವನ ತೋಟದಲ್ಲಿ ಅಡಿಕೆ ಉಳಿಯಿತು, ಕೈ ಕೆಸರಾದರೆ ತಾನೇ ಬಾಯಿ ಮೊಸರು’ ಅಂದರೆ ಅರ್ಥಾಂತರನ್ಯಾಸ. ಒಬ್ಬನ ಸಂಗತಿ ಹೇಳಿ, ಎಲ್ಲರಿಗೂ ಹೊಂದುವ ಮಾತಿನಿಂದ ಅದಕ್ಕೆ ಸಾಕ್ಷಿ ಹಾಕಿಸುವುದು.

ಕಿವಿಯ ಕೆಲಸ: ಅನುಪ್ರಾಸ, ಪ್ರಾಸ, ಶ್ಲೇಷೆ

ಒಂದೇ ಅಕ್ಷರ ಮತ್ತೆ ಮತ್ತೆ ಬಂದು ಕಿವಿಗೆ ತಾಗಿದರೆ ಅನುಪ್ರಾಸ. ಅದರ ಒಳಭೇದಗಳಿವೆ, ಪರೀಕ್ಷೆಗೆ ಓದುವವರು ಓದಿಕೊಳ್ಳಲಿ.

ಪ್ರಾಸದ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಪ್ರಾಸ ಅಂದರೆ ಈಗ ನಮಗೆಲ್ಲ ನೆನಪಾಗುವುದು ಸಾಲಿನ ಕೊನೆ. ಅದು ಅಂತ್ಯಪ್ರಾಸ. ಸಿನಿಮಾ ಹಾಡಿನಿಂದ ಶುಭಾಶಯ ಪತ್ರದವರೆಗೆ ಅದೇ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದು ಜಾಸ್ತಿ ಪರಿಚಿತ. ಅಂಕೋಲೆಯ ದಿನಕರ ದೇಸಾಯಿಯವರು ಚುಟುಕಗಳಿಗೇ ಹೆಸರಾದವರು. ಚುಟುಕ ಅಂದರೆ ನಾಲ್ಕೇ ಸಾಲು, ಎರಡೆರಡು ಸಾಲಿಗೆ ಅಂತ್ಯಪ್ರಾಸ, ಕೊನೆಗೊಂದು ಚುರುಕು.

ಹಳೆಯ ಕನ್ನಡ ಕಾವ್ಯದಲ್ಲಿ ಕಾಣುವುದು ಇದರ ಉಲ್ಟಾ. ಅಲ್ಲಿ ಪ್ರಾಸ ಸಾಲಿನ ಆರಂಭದಲ್ಲಿರುತ್ತದೆ, ಅದೂ ಎರಡನೇ ಅಕ್ಷರದಲ್ಲಿ. ಇದು ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂಬ ಗಾದೆ ಕೇಳಿ. ಊರಿಗೆ, ನೀರಿಗೆ. ಎರಡನೇ ಅಕ್ಷರ ಎರಡರಲ್ಲೂ ರ್ ಸದ್ದು. ಅದರ ಹಿಂದಿನ ಅಕ್ಷರ ಎರಡರಲ್ಲೂ ದೀರ್ಘ. ಹಿಂದಿನ ಅಕ್ಷರ ಹೇಗಿದೆ ಎಂಬುದರ ಮೇಲೆ ಹಳಬರು ಆರು ಬಗೆ ಮಾಡಿ, ಆರಕ್ಕೂ ಪ್ರಾಣಿಗಳ ಹೆಸರಿಟ್ಟಿದ್ದಾರೆ. ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ, ಸೊನ್ನೆ ಇದ್ದರೆ ವೃಷಭಪ್ರಾಸ. ಶರಭ, ಅಜ, ಹಯ ಅಂತ ಇನ್ನೂ ಮೂರಿವೆ.

ಪಂಪನ ಆ ಪದ್ಯಕ್ಕೆ ಮತ್ತೆ ಹೋಗೋಣ. ಅದರ ಮೊದಲ ಸಾಲು ‘ತೆಂಕಣ ಗಾಳಿ’ ಎಂದು ಶುರುವಾಗುತ್ತದೆ. ತೆಂ, ಆಮೇಲೆ ಕ. ಹಾಗಾಗಿ ನಾಲ್ಕನೇ ಸಾಲೂ ಸೊನ್ನೆ ಮತ್ತು ಕ ಸದ್ದಿನಿಂದ ಶುರುವಾಗಬೇಕು. ಪಂಪ ‘ಆರಂಕುಸ’ ಎಂಬ ಪದವನ್ನೇ ಮುರಿದ. ‘ಆ’ ಮೂರನೇ ಸಾಲಿನ ಕೊನೆಗೆ ಉಳಿಯಿತು, ನಾಲ್ಕನೇ ಸಾಲು ‘ರಂಕುಸಮಿಟ್ಟೊಡಂ’ ಎಂದು ಶುರುವಾಯಿತು. ಹಾಡಿದಾಗ ಪದ ಕೂಡಿಕೊಳ್ಳುತ್ತದೆ, ಬರೆದಾಗ ಮಾತ್ರ ಮುರಿದು ಕಾಣುತ್ತದೆ. ಶಾಲೆಯಲ್ಲಿ ಈ ಪದ್ಯ ಓದುವಾಗ ‘ಸಾಲು ಯಾಕೆ ಹೀಗೆ ಅರ್ಧಕ್ಕೆ ತುಂಡಾಗಿದೆ, ಪ್ರಿಂಟಿನ ತಪ್ಪಾ?’ ಎಂದುಕೊಂಡವರಲ್ಲಿ ನಾನೂ ಒಬ್ಬ.

ಶ್ಲೇಷೆ ಅಂದರೆ ಒಂದೇ ಪದದಲ್ಲಿ ಎರಡು ಅರ್ಥ. ಕರಾವಳಿಯವರಿಗೆ ‘ತೆರೆ’ಗಿಂತ ಒಳ್ಳೆಯ ಉದಾಹರಣೆ ಬೇಡ. ಕಡಲಿನ ಅಲೆಯೂ ತೆರೆ, ರಂಗದ ಪರದೆಯೂ ತೆರೆ. ‘ತೆರೆ ಬಿದ್ದ ಮೇಲೆ ಹೊರಟೆವು’ ಎಂದು ದೋಣಿಯವರು ಹೇಳಿದರೆ ಒಂದು, ಯಕ್ಷಗಾನದ ಆಟ ನೋಡಿ ಬಂದವರು ಹೇಳಿದರೆ ಇನ್ನೊಂದು. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರದ ಮಾತಾಡುವ ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತಾಗ ಇಂಥ ಪದ ಒಬ್ಬರ ಬಾಯಿಂದ ಬಿದ್ದರೆ ಸಾಕು. ಎದುರಿನವರು ಅದರ ಇನ್ನೊಂದು ಅರ್ಥ ಹಿಡಿದು ಕಾಲು ತಾಸು ಜಗ್ಗುತ್ತಾರೆ.

ಹೇಳದೆ ಹೇಳುವುದು

ಪದಕ್ಕೆ ನೇರವಾದ ಅರ್ಥ ಒಂದಿರುತ್ತದೆ. ಅದು ವಾಚ್ಯಾರ್ಥ. ಕೆಲವು ಸಲ ನೇರ ಅರ್ಥ ಹೊಂದುವುದಿಲ್ಲ. ‘ಅವರ ಮನೆ ಸಮುದ್ರದ ಮೇಲೇ ಇದೆ’ ಎಂದು ಕಾರವಾರದಲ್ಲಿ ಯಾರಾದರೂ ಅಂದರೆ ಮನೆ ತೇಲುತ್ತಿದೆ ಎಂದು ಯಾರೂ ತಿಳಿಯುವುದಿಲ್ಲ. ದಂಡೆಗೆ ತೀರಾ ಹತ್ತಿರ ಎಂದು ತಾನಾಗಿ ಅರ್ಥವಾಗುತ್ತದೆ. ಇದು ಲಕ್ಷ್ಯಾರ್ಥ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬಲ್ಲಿ ಅಡಿಕೆ ಅಂದರೆ ಬರೀ ಅಡಿಕೆಯಲ್ಲ, ಯಾವುದೇ ಸಣ್ಣ ವಸ್ತು. ಈಗಿನ ರೇಟು ನೋಡಿದರೆ ಶಿರಸಿಯವರು ಈ ಗಾದೆಗೆ ಬೇರೆ ವಸ್ತು ಹುಡುಕಬೇಕೇನೋ.

ಮೂರನೆಯದು ಧ್ವನಿ. ಸಂಜೆ ಬಂದ ನೆಂಟರು ಚಾ ಕುಡಿದಾಯಿತು, ಮಾತಾಡಿಯೂ ಆಯಿತು, ಏಳುವ ಲಕ್ಷಣವಿಲ್ಲ. ಮನೆಯಾಕೆ ಅಂಗಳ ನೋಡಿ ‘ಮಳೆ ಸ್ವಲ್ಪ ಕಮ್ಮಿ ಆದ ಹಾಗಿದೆ’ ಅನ್ನುತ್ತಾಳೆ. ವಾಕ್ಯದಲ್ಲಿ ಒಂದು ಪದವೂ ತಪ್ಪಿಲ್ಲ, ನೇರ ಅರ್ಥ ಸರಿಯಾಗೇ ಇದೆ. ಆದರೂ ನೆಂಟರು ಕೊಡೆಗೆ ಕೈ ಹಾಕುತ್ತಾರೆ. ಅದೇ ಮಾತು ಮಕ್ಕಳ ಕಿವಿಗೆ ಬಿದ್ದರೆ ಆಡಲು ಹೋಗಬಹುದು ಎಂದು ಕೇಳುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿ ಕಟ್ಟಿ ಕೂತವರಿಗೆ ಕಡಲಿಗೆ ಇಳಿಯುವ ದಿನ ಹತ್ತಿರ ಬಂತು ಎಂದು ಕೇಳುತ್ತದೆ. ಹಳೆಯ ಗ್ರಂಥಗಳಲ್ಲಿ ಇದಕ್ಕೆ ‘ಸೂರ್ಯ ಮುಳುಗಿದ’ ಎಂಬ ಉದಾಹರಣೆ ಕೊಡುತ್ತಾರೆ. ಕೇಳುವವರು ಬದಲಾದ ಹಾಗೆ ಅರ್ಥ ಬದಲಾಗುತ್ತದೆ.

9ನೇ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನ್ಯಾಲೋಕ ಬರೆದು, ಕಾವ್ಯದ ಆತ್ಮವೇ ಧ್ವನಿ ಎಂದ. ಅಲಂಕಾರ ಎಷ್ಟಿದ್ದರೇನಂತೆ, ಹೇಳದೆ ಉಳಿದದ್ದು ಕೇಳಿಸದಿದ್ದರೆ ಅದು ದೊಡ್ಡ ಕಾವ್ಯವಲ್ಲ ಎಂಬುದು ಅವನ ವಾದ.

ಶಾಸ್ತ್ರದಲ್ಲಿ ಈ ಒಳ ಅರ್ಥಕ್ಕೆ ವ್ಯಂಗ್ಯಾರ್ಥ ಎಂದೂ ಹೆಸರು. ಇಲ್ಲೂ ಉತ್ಪ್ರೇಕ್ಷೆಯ ಕತೆಯೇ. ದಿನಬಳಕೆಯಲ್ಲಿ ವ್ಯಂಗ್ಯ ಅಂದರೆ ಕೊಂಕು. ತಡವಾಗಿ ಬಂದವನಿಗೆ ‘ಬಹಳ ಬೇಗ ಬಂದಿರಿ’ ಅನ್ನುವುದು. ಶಾಸ್ತ್ರದ ವ್ಯಂಗ್ಯದಲ್ಲಿ ಕೊಂಕು ಇರಲೇಬೇಕೆಂದಿಲ್ಲ, ಪ್ರೀತಿಯೂ ಇರಬಹುದು.

ಸತ್ತ ಅಭಿಮನ್ಯುವಿಗಾಗಿ ಮುಂದಿನ ವರ್ಷವೂ

ರಸ ಅಂದರೆ ಏನು ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು. ಅಭಿಮನ್ಯು ಸಾಯುವ ಆಟ ನೋಡಿ ಕಣ್ಣೊರೆಸಿಕೊಂಡವರು ಮುಂದಿನ ವರ್ಷ ಅದೇ ಆಟಕ್ಕೆ ಚಾಪೆ ಹಿಡಿದು ಯಾಕೆ ಹೋಗುತ್ತಾರೆ? ಮನೆಯಲ್ಲಿ ಸಾವಾದರೆ ಆಗುವುದು ಶೋಕ. ಅದು ಭಾವ. ಅದನ್ನು ಯಾರೂ ಎರಡನೇ ಸಲ ಬಯಸುವುದಿಲ್ಲ. ಅದೇ ಶೋಕ ಭಾಗವತರ ಹಾಡಿನಲ್ಲಿ, ವೇಷದಲ್ಲಿ, ಅಭಿನಯದಲ್ಲಿ ಪಾಕವಾಗಿ ಬಂದಾಗ ಕರುಣರಸ. ಅದನ್ನು ನಾವು ಸವಿಯುತ್ತೇವೆ. ರಸದ ಲೆಕ್ಕ ಕೊಟ್ಟ ಭರತನ ನಾಟ್ಯಶಾಸ್ತ್ರದ ಹೋಲಿಕೆಯೂ ಅಡಿಗೆಮನೆಯದೇ. ಬೇರೆ ಬೇರೆ ಸಾಮಾನು ಸೇರಿ ಹೊಸ ರುಚಿ ಹುಟ್ಟುವ ಹಾಗೆ ರಸ ಹುಟ್ಟುತ್ತದೆ ಎನ್ನುತ್ತಾನೆ. ಒಂದೆಲಗ, ಜೀರಿಗೆ, ಮೆಣಸುಕಾಳು, ಮಜ್ಜಿಗೆ ಬೇರೆ ಬೇರೆ ಬಾಯಿಗೆ ಹಾಕಿಕೊಂಡರೆ ತಂಬುಳಿಯ ರುಚಿ ಬರುವುದಿಲ್ಲ ಅಲ್ವಾ? ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರ, ಭಯಾನಕ, ಬೀಭತ್ಸ, ಅದ್ಭುತ ಎಂದು ಮೊದಲು ಎಂಟು ಎಣಿಸುತ್ತಿದ್ದರು. ಒಂಬತ್ತನೆಯದಾಗಿ ಶಾಂತ ಆಮೇಲೆ ಸೇರಿತು.

ಕತೆ ಓದುವವರಿಗೆ ಎರಡು ಮಾತು

ಹೊಸ ಕಾಲದ ಕತೆ, ಕವಿತೆಯ ಚರ್ಚೆಯಲ್ಲಿ ಬೇರೆ ಪದಗಳು ಬರುತ್ತವೆ. ಪ್ರತಿಮೆ ಅಂದರೆ ಓದಿದೊಡನೆ ಕಣ್ಣಿಗೋ ಮೂಗಿಗೋ ನಾಲಿಗೆಗೋ ತಾಗುವ ಚಿತ್ರ. ಸಾಣಿಕಟ್ಟಾದ ಗದ್ದೆಯಲ್ಲಿ ಬಿಸಿಲಿಗೆ ಕಣ್ಣು ಕುಕ್ಕುವ ಉಪ್ಪಿನ ಗುಡ್ಡೆಗಳು ಎಂದು ಬರೆದರೆ ಅದೊಂದು ಪ್ರತಿಮೆ. ಆ ಉಪ್ಪು ಕತೆಯ ಉದ್ದಕ್ಕೂ ಮತ್ತೆ ಮತ್ತೆ ಬಂದು, ದುಡಿದವರ ಬೆವರು, ತೀರದ ಋಣ ಎಂದು ಬೇರೇನನ್ನೋ ಹೊತ್ತುಕೊಂಡು ನಿಂತರೆ ಅದು ಸಂಕೇತ.

ನಿರೂಪಕ ಅಂದರೆ ಕತೆ ಹೇಳುವ ದನಿ. ಅದು ಲೇಖಕರದ್ದೇ ಆಗಬೇಕಿಲ್ಲ. ಕತೆಯಲ್ಲಿ ‘ನಾನು’ ಕದ್ದೆ ಎಂದಿದ್ದರೆ ಬರೆದವರು ಕದ್ದರು ಎಂದು ತಿಳಿಯುವವರು ಇನ್ನೂ ಇದ್ದಾರೆ. ತಾಳಮದ್ದಳೆಯಲ್ಲಿ ಮೊನ್ನೆ ಕೌರವನಾಗಿ ಕೃಷ್ಣನನ್ನು ಬೈದವರು ನಿನ್ನೆ ಕೃಷ್ಣನಾಗಿ ಕೌರವನಿಗೆ ಬುದ್ಧಿ ಹೇಳಿದ್ದನ್ನು ನೋಡಿದವರಿಗೆ ಈ ಗೊಂದಲ ಬರಬಾರದು.

ಊರ ಹೆಸರಿನಲ್ಲಿ ಮಾತ್ರೆ ಎಣಿಸುವುದು

ಮಕ್ಕಳು ಹೆದರುವುದು ಛಂದಸ್ಸಿಗೆ, ಅಂದರೆ ಪದ್ಯದ ಅಳತೆಯ ಲೆಕ್ಕಕ್ಕೆ. ಅದನ್ನೇ ಕೊನೆಗೆ ಇಟ್ಟುಕೊಂಡೆ.

ಅಕ್ಷರ ಹೇಳಲು ಬೇಕಾಗುವ ಹೊತ್ತನ್ನು ಅಳೆಯುವ ಅಳತೆ ಮಾತ್ರೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ಅದು ಲಘು, ಗುರುತು ∪. ಎರಡು ಮಾತ್ರೆಯದು ಗುರು, ಗುರುತು –. ಗುರು ಆಗುವುದು ಯಾವಾಗ? ದೀರ್ಘಾಕ್ಷರವಾದರೆ, ಐ ಔ ಸ್ವರವಿದ್ದರೆ, ಅಕ್ಷರದ ಪಕ್ಕ ಸೊನ್ನೆ ಅಥವಾ ವಿಸರ್ಗ ಇದ್ದರೆ, ಮುಂದೆ ಒತ್ತಕ್ಷರ ಬಂದರೆ, ಮುಂದೆ ಅರ್ಧಾಕ್ಷರ ಇದ್ದರೆ. ಒತ್ತಕ್ಷರದ ವಿಷಯ ನೆನಪಿಡಿ. ಗುರು ಆಗುವುದು ಒತ್ತಕ್ಷರವಲ್ಲ, ಅದರ ಹಿಂದಿನದು. ಒತ್ತು ಕೊಡಲು ನಾಲಿಗೆ ಹಿಂದಿನ ಅಕ್ಷರದ ಮೇಲೆ ಒಂದು ಕ್ಷಣ ಊರುತ್ತದೆ, ಅದಕ್ಕೆ.

ಹೀಗೆ ಲಘು ಗುರು ಗುರುತು ಹಾಕುವುದೇ ಪ್ರಸ್ತಾರ. ಬಸ್ ಸ್ಟ್ಯಾಂಡಿನ ಬೋರ್ಡು ನೋಡುತ್ತ ಎಣಿಸೋಣ. ಶಿರಸಿ: ∪ ∪ ∪, ಮೂರು ಮಾತ್ರೆ. ಕುಮಟಾ: ∪ ∪ –, ನಾಲ್ಕು. ಭಟ್ಕಳ: ಟ್ಕ ಒತ್ತಕ್ಷರ, ಹಾಗಾಗಿ ಭ ಗುರು, – ∪ ∪, ನಾಲ್ಕು. ಗೋಕರ್ಣ: – – ∪, ಐದು. ಜೋಯಿಡಾ: – ∪ –, ಐದು. ಅಂಕೋಲಾ: – – –, ಆರು. ಕಾರವಾರ: – ∪ – ∪, ಅದೂ ಆರು.

ಅಕ್ಷರ ಅಥವಾ ಮಾತ್ರೆಗಳ ಒಂದು ಗುಂಪು ಗಣ. ಮೂರು ಮೂರು ಅಕ್ಷರದ ಗುಂಪು ಅಕ್ಷರಗಣ. ಲಘು ಗುರುಗಳನ್ನು ಮೂರು ಸ್ಥಾನದಲ್ಲಿ ಎಂಟೇ ರೀತಿಯಲ್ಲಿ ಜೋಡಿಸಬಹುದು, ಅದಕ್ಕೇ ಎಂಟು ಗಣ. ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರ ಇದಕ್ಕಾಗಿಯೇ ಇರುವುದು. ಮೊದಲ ಎಂಟು ಅಕ್ಷರಗಳಲ್ಲಿ ಯಾವುದರಿಂದ ಶುರುಮಾಡಿ ಮೂರು ಅಕ್ಷರ ಹೇಳಿದರೂ ಆ ಗಣದ ರೂಪ ಬರುತ್ತದೆ. ಶಿರಸಿ ನಗಣ, ಕುಮಟಾ ಸಗಣ, ಭಟ್ಕಳ ಭಗಣ, ಗೋಕರ್ಣ ತಗಣ, ಜೋಯಿಡಾ ರಗಣ, ಅಂಕೋಲಾ ಮಗಣ. ಎಂಟರಲ್ಲಿ ಆರು ಗಣ ಜಿಲ್ಲೆಯ ಊರುಗಳಲ್ಲೇ ಸಿಕ್ಕವು. ಯಗಣ (∪ – –), ಜಗಣ (∪ – ∪) ಎರಡು ಬಾಕಿ. ನಿಮ್ಮ ಹಳ್ಳಿಯ ಹೆಸರು ಹೊಂದುತ್ತದೆಯೋ ನೋಡಿ.

ಅಕ್ಷರ ಎಷ್ಟೇ ಇರಲಿ, ಮಾತ್ರೆಯ ಲೆಕ್ಕ ಮಾತ್ರ ಸರಿಯಾಗಬೇಕು ಎನ್ನುವುದು ಮಾತ್ರಾಗಣ. ಷಟ್ಪದಿ ಅಂದರೆ ಆರು ಸಾಲಿನ ಪದ್ಯ. ಅದರಲ್ಲಿ ಆರು ಬಗೆ, ಒಂದು ಭಾಮಿನಿ. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ಬರೆದದ್ದು ಭಾಮಿನಿಯಲ್ಲಿ. ಯಕ್ಷಗಾನದ ಪ್ರಸಂಗಗಳಲ್ಲೂ ಭಾಗವತರು ಇದನ್ನು ಹಾಡುತ್ತಾರೆ. ಲೆಕ್ಕ ಹೀಗೆ: 1, 2, 4, 5ನೇ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ 3+4+3+4+3+4, ಕೊನೆಗೊಂದು ಗುರು, ಒಟ್ಟು 23.

ಮೂರು ಮಾತ್ರೆ ಶಿರಸಿ. ನಾಲ್ಕು ಮಾತ್ರೆ ಕುಮಟಾ, ಭಟ್ಕಳ. ಹಾಗಾದರೆ ಒಂದು ಸಾಲು ರೆಡಿ ಆಯಿತಲ್ಲ! ತಂಗಿಯ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅರ್ಧ ಷಟ್ಪದಿ ಬರೆದುಕೊಟ್ಟೆ.

ಶಿರಸಿ ಕುಮಟಾ ಶಿರಸಿ ಭಟ್ಕಳ
ಮರಳಿ ಬಂದರೆ ದಾರಿ ಮುಗಿಯದು
ಸುರಿವ ಮಳೆಯಲಿ ಘಟ್ಟವಿಳಿಯುವ ಬಸ್ಸು ಕೆಟ್ಟಿದೆಯೋ

ಕಾವ್ಯವೇನೂ ಅಲ್ಲ. ಆದರೆ ಮಾತ್ರೆ ಸರಿ ಇದೆ. ಮೂರನೇ ಸಾಲು ಎಣಿಸಿ: ಸುರಿವ 3, ಮಳೆಯಲಿ 4, ಘಟ್ಟ 3, ವಿಳಿಯುವ 4, ಬಸ್ಸು 3, ಕೆಟ್ಟಿದೆ 4, ಯೋ 2. ಶಿರ, ಮರ, ಸುರಿ ಎಂದು ಎರಡನೇ ಅಕ್ಷರದಲ್ಲಿ ರ್ ಸದ್ದು, ಹಿಂದೆ ಹ್ರಸ್ವ. ಸಿಂಹಪ್ರಾಸ. ಗಣ ಮುರಿಯುವಾಗ ಘಟ್ಟವಿಳಿಯುವ ಎಂಬ ಪದ ಎರಡು ತುಂಡಾದದ್ದು ನೋಡಿ. ಗಣಕ್ಕೆ ಪದದ ಗಡಿ ಇಲ್ಲ, ಹೊತ್ತಿನ ಗಡಿ ಮಾತ್ರ.

ಉಳಿದ ಮೂರು ಸಾಲು ಅವಳೇ ಬರೆಯಬೇಕು ಎಂದೆ. ಬೆರಳು ಮಡಚಿ ಮಡಚಿ ಎಣಿಸಿ, ಊಟದ ಹೊತ್ತಿಗೆ ನಾಲ್ಕನೆಯದು ತಂದಳು: ‘ಇರಲಿ ಬಿಡು ಚಾ ಕುಡಿದು ಬರುವೆವು’. ಒಂದು ಮಾತ್ರೆಯೂ ತಪ್ಪಿಲ್ಲ. ಪ್ರಾಸವೂ ಇದೆ. ಐದನೆಯದು ‘ಹರಕು ಕೊಡೆಯಲ್ಲಿ ಮೂರು ಮಂದಿಯು’. ಓದಿ ಅವಳೇ ಮುಖ ಸಿಂಡರಿಸಿದಳು.

‘ಎಲ್ಲೋ ಕುಂಟ್ತದೆ ಮಾವ.’

‘ಎಲ್ಲಿ, ಎಣಿಸು.’

ಹರಕು ಮೂರು. ಕೊಡೆಯಲ್ಲಿ... ಕೊ, ಡೆ ಲಘು. ಮುಂದೆ ಲ್ಲಿ ಇದೆ, ಹಾಗಾಗಿ ಯ ಗುರು. ಲ್ಲಿ ಲಘು. ಐದು! ನಾಲ್ಕಿರಬೇಕಿತ್ತು. ಪೆನ್ಸಿಲಿನಿಂದ ಲಕಾರದ ಒತ್ತನ್ನು ಹೊಡೆದುಹಾಕಿ ‘ಕೊಡೆಯಲಿ’ ಮಾಡಿದಳು. ಆಮೇಲೆ ತಲೆ ಎತ್ತಿ ಕೇಳಿದಳು, ‘ಮಾವ, ಪದ್ಯದಲ್ಲಿ ಎಲ್ಲರೂ ಮನದಲಿ, ಮನೆಯಲಿ ಅಂತ ಬರೀತಾರಲ್ಲ, ಅದು ಇದಕ್ಕೇನಾ?’

ಅದಕ್ಕೇ. ಕವಿಗಳು ಒತ್ತು ಮರೆತದ್ದಲ್ಲ, ಒಂದು ಮಾತ್ರೆ ಉಳಿಸಿದ್ದು.

ಆರನೇ ಸಾಲು ಇನ್ನೂ ಬಂದಿಲ್ಲ. 23 ಮಾತ್ರೆ ಜಾಸ್ತಿ ಆಯಿತಂತೆ. ಮಳೆ ನಿಂತ ಮೇಲೆ ಬರೆಯುತ್ತೇನೆ ಎಂದಿದ್ದಾಳೆ. ಶಿರಸಿಯ ಮಳೆ ನಿಲ್ಲುವುದು ಯಾವಾಗ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.